ಉಬ್ಬಿದ ಅಟ್ಟ

ಬೆಳಗಿನ ಐದೂವರೆಗೆ ಸುಮಿತ್ರವ್ವನ ಬಾಗಿಲು ತೆರೆಯಲಿಲ್ಲ.

ಅಗಳಿ ತೆಗೆದಿದ್ದಳು. ಹೊರಗಿನಿಂದ ಯಾರೂ ಕೊಂಡಿ ಹಾಕಿರಲಿಲ್ಲ. ಒಳಕ್ಕೆ ತೆರೆಯುವ ಬಾಗಿಲು ಅದು. ಎಳೆದರೆ ನಾಲ್ಕು ಬೆರಳಿನಷ್ಟು ಬಂದು ನಿಂತುಬಿಡುತ್ತಿತ್ತು. ಬಗ್ಗಿ ಕೈಯಾಡಿಸಿದಾಗ ಗೊತ್ತಾಯಿತು, ನೆಲದ ಹಲಗೆಯೇ ಮೇಲೆದ್ದು ಬಾಗಿಲಿಗೆ ಅಡ್ಡ ನಿಂತಿದೆ. ಹಿಂದಿನ ದಿನ ಅಲ್ಲಲ್ಲಿ ಸಣ್ಣಗೆ ಉಬ್ಬಿದ್ದ ನೆಲ ಬೆಳಗಾಗುವಷ್ಟರಲ್ಲಿ ಬೋರಲು ಹಾಕಿದ ಬುಟ್ಟಿಯ ಹಾಗೆ ಬೆನ್ನೆತ್ತಿತ್ತು.

ಅಂದು ೧೯೫೬ರ ಆಗಸ್ಟ್ ಇಪ್ಪತ್ತೊಂದು, ಮಂಗಳವಾರ, ನೂಲ ಹುಣ್ಣಿಮೆ. ಲಕ್ಷ್ಮೇಶ್ವರದ ಕಡೆಯ ಮಳೆ ಸಾಮಾನ್ಯವಾಗಿ ಹೊಡೆದು ಹೋಗುವ ಮಳೆ. ಒಂದು ತಾಸು ಸುರಿದರೆ ಎರಡು ದಿನ ಬಿಸಿಲು. ಆ ವರ್ಷ ಹಾಗಾಗಲಿಲ್ಲ. ಪುಷ್ಯದಲ್ಲಿ ಹಿಡಿದ ಜಿಟಿಜಿಟಿ ಆಶ್ಲೇಷದಲ್ಲೂ ಬಿಡಲಿಲ್ಲ, ಮಘಾ ಹೊಕ್ಕ ಮೇಲೂ ಬಿಡಲಿಲ್ಲ. ಹಿಟ್ಟು ಗಂಟುಕಟ್ಟಿತು, ಉಪ್ಪು ನೀರಾಯಿತು, ಒಣಹಾಕಿದ ಸೀರೆ ಹಗ್ಗದ ಮೇಲೆಯೇ ನಾತ ಹೊಡೆಯಿತು. ಸುಮಿತ್ರವ್ವನ ಅಟ್ಟದ ಮತ್ತಿ ಮರದ ಹಲಗೆಗಳು ಆ ತೇವವನ್ನೆಲ್ಲ ಕುಡಿದು ಅಗಲವಾದವು. ಅಗಲವಾಗಲು ಗೋಡೆಯವರೆಗೂ ಜಾಗವಿರಲಿಲ್ಲ, ಹಾಗಾಗಿ ಮೇಲಕ್ಕೆದ್ದವು.

ಅಟ್ಟ ಎಂದರೆ ಸಾಮಾನು ಒಟ್ಟುವ ಗೂಡಲ್ಲ. ಅಂಗಡಿ ಓಣಿಯ ಆ ಮನೆಯಲ್ಲಿ ಪಡಸಾಲೆಯ ಮೇಲಿದ್ದ ದೊಡ್ಡ ಕೋಣೆಗೆ ಎಲ್ಲರೂ ಅಟ್ಟ ಅನ್ನುತ್ತಿದ್ದರು. ಸಾಗವಾನಿ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಹಲಗೆಯ ನೆಲ. ಬೀದಿಯಿಂದ ನೇರವಾಗಿ ಹತ್ತಲು ಹೊರಗೋಡೆಗೆ ಕಲ್ಲಿನ ಮೆಟ್ಟಿಲಿದ್ದವು. ಸುಮಿತ್ರವ್ವನ ಗಂಡ ದ್ಯಾಮಪ್ಪ ಕಾಳಿನ ವ್ಯಾಪಾರದಲ್ಲಿ ಕೈ ಹತ್ತಿದ ವರ್ಷ ಅಳ್ನಾವರದಿಂದ ಹಲಗೆ ತರಿಸಿ ಕಟ್ಟಿಸಿದ್ದ. ಅವನು ತೀರಿಕೊಂಡಾಗ ಓಣಿಯ ಹಿರಿಯರು ಕೂತು ಒಂದು ಮಾತು ಮಾಡಿದ್ದರು: ಕೆಳಗಿನ ಮನೆ ಅವನ ತಮ್ಮ ಕೊಟ್ರಪ್ಪನದು, ಅಟ್ಟ ಸುಮಿತ್ರವ್ವನದು. ಆದರೆ ಅಟ್ಟ ನಿಂತಿರುವ ತನಕ ಮಾತ್ರ. ಬಿಚ್ಚುವ ಹೊತ್ತು ಬಂದರೆ ಆಕೆ ಹಿತ್ತಲಿನ ಎರಡು ಖೋಲಿಗೆ ಇಳಿಯಬೇಕು.

ಹಿತ್ತಲಿನ ಖೋಲಿಗಳು ದನದ ಕೊಟ್ಟಿಗೆಗೆ ಅಂಟಿಕೊಂಡಿದ್ದವು. ಅದು ದೊಡ್ಡ ಮಾತಲ್ಲ. ದನದ ವಾಸನೆಗೆ ಹೆದರುವ ಹೆಂಗಸಲ್ಲ ಆಕೆ. ಅಲ್ಲಿಂದ ಬೀದಿಗೆ ಬರಬೇಕೆಂದರೆ ಕೊಟ್ರಪ್ಪನ ಅಡುಗೆಮನೆ ದಾಟಿ, ಪಡಸಾಲೆ ದಾಟಿ ಬರಬೇಕಿತ್ತು. ಆಕೆಯ ಹತ್ತಿರ ಬರುವವರೂ ಹಾಗೆಯೇ. ಅಟ್ಟದಲ್ಲಿ ಮಳೆಗಾಲದುದ್ದಕ್ಕೂ ಓಣಿಯ ಹೆಂಗಸರು ಸೇರಿ ಕೌದಿ ಹೊಲಿಯುತ್ತಿದ್ದರು. ಕೌದಿಯನ್ನು ಉದ್ದಗಲಕ್ಕೆ ಹಾಸಿ ನಾಲ್ಕು ಮೂಲೆಯಿಂದ ನಾಲ್ವರು ಹೊಲಿಯುತ್ತ ನಡುವಿಗೆ ಬರಲು ಅಷ್ಟು ದೊಡ್ಡ ನೆಲ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಮಕ್ಕಳಿಲ್ಲದ ವಿಧವೆಗೆ ಆ ನೆಲವೇ ಮನೆ, ಆ ಮೆಟ್ಟಿಲೇ ದಾರಿ. ಜೂನ್‌ನಲ್ಲಿ ದಿಲ್ಲಿಯಲ್ಲಿ ಹೊಸ ವಾರಸಾ ಕಾಯ್ದೆ ಬಂದಿತ್ತು, ಹೆಣ್ಣುಮಕ್ಕಳಿಗೆ ಆಸ್ತಿಯ ಹಕ್ಕು ಅಂತ. ಅಂಗಡಿ ಓಣಿಯ ಮಟ್ಟಿಗೆ ಅದು ಇನ್ನೂ ಪೇಪರಿನಲ್ಲೇ ಇತ್ತು. ಅಲ್ಲಿ ನಡೆಯುತ್ತಿದ್ದದ್ದು ಹಿರಿಯರ ಮಾತು.

ಬಾಗಿಲು ಎಳೆದಾಡಿದ ಸದ್ದಿಗೆ ಕೊಟ್ರಪ್ಪ ಮೆಟ್ಟಿಲು ಹತ್ತಿ ಬಂದ. ಸಂದಿಯಿಂದ ಇಣುಕಿ ನೋಡಿದ, ಅವನಿಗೆ ಬೇಕಾದದ್ದು ಕಂಡಿತು.

"ವೈನಿ, ಸರೀರಿ ಹಿಂದಕ. ಆಳು ಕರಸ್ತೀನಿ, ಬಾಗಲಾ ಒಡದು ತಗೀತಾರ."

"ಬಾಗಲಾ ಮುಟ್ಟಬ್ಯಾಡ," ಅಂದಳು ಒಳಗಿನಿಂದ.

"ಮತ್ತ ಹೆಂಗ ಹೊರಗ ಬರ್ತೀರಿ?"

"ಬರೋದು ನಾನು. ನೀ ಯಾಕ ಚಿಂತಿ ಮಾಡ್ತಿ?"

ಮೂಲೆಯಲ್ಲಿ ಬೀಸುಕಲ್ಲಿತ್ತು. ಮೇಲಿನ ಕಲ್ಲನ್ನು ಎತ್ತಿ ತಂದು ಉಬ್ಬಿನ ಮೇಲೆ ಇಟ್ಟಳು. ಕೆಳಗಿನದನ್ನು ಹೊರಳಿಸುತ್ತ ತಂದು ಅದರ ಪಕ್ಕ ದಬ್ಬಿದಳು. ಹಲಗೆ ನರಳಿತು, ಆದರೆ ತಗ್ಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾನೂ ಹತ್ತಿ ನಿಂತಳು. ಹಲಗೆ ಒಂದು ಬೆರಳು ಇಳಿಯಿತು. ನಿಂತಲ್ಲಿಂದಲೇ ಕೈಚಾಚಿ ಬಾಗಿಲ ಬಳೆ ಹಿಡಿದು ಎಳೆದಳು. ಬಾಗಿಲು ಕಿರುಗುಟ್ಟುತ್ತ, ತನ್ನ ಅಡಿಯ ಹಲಗೆಯನ್ನು ಕೆರೆಯುತ್ತ, ಒಬ್ಬರು ಅಡ್ಡಡ್ಡ ಹೊರಬೀಳುವಷ್ಟು ತೆರೆಯಿತು. ಸುಮಿತ್ರವ್ವ ಹೊರಗೆ ಬಂದು ಮೈದುನನ ಮುಂದೆ ನಿಂತಳು. ಮದುವೆಯಾಗಿ ಬಂದಾಗ ಅವನಿಗೆ ತಾನೇ ತಲೆ ಬಾಚುತ್ತಿದ್ದಳು. ಈಗ ಅವನ ಮೀಸೆಯಲ್ಲಿ ಬಿಳಿಯಿತ್ತು.

ನೆಲ ಹೋಯಿತು, ಕಣ್ಣಾರೆ ನೋಡಿದೆ ಅಂದ ಕೊಟ್ರಪ್ಪ. ಬರುವ ಸೋಮವಾರ ಹಿರಿಯರನ್ನು ಕರೆಯುವುದಾಗಿ ಹೇಳಿದ. ಅಲ್ಲಿಯ ತನಕವೂ ಮೇಲಿರುವುದು ಜೀವಕ್ಕೆ ಅಪಾಯ, ಇವತ್ತೇ ಹಿತ್ತಲಿಗೆ ಬಂದರೆ ಖೋಲಿ ಸ್ವಚ್ಛ ಮಾಡಿಸಿಡುತ್ತೇನೆ ಅಂದ. ಅವನು ಸುಳ್ಳು ಹೇಳುವ ಮನುಷ್ಯನಲ್ಲ. ಅವನಿಗೆ ಜಾಗ ಬೇಕಾಗಿತ್ತು. ಪಡಸಾಲೆಯಲ್ಲಿ ಚೀಲ ತೊಲೆ ಮುಟ್ಟುವಂತೆ ನಿಟ್ಟು ಹಾಕಿಯಾಗಿತ್ತು, ಹಳ್ಳಿಗಳಿಂದ ಹೊಸ ಹೆಸರುಕಾಳು ಬರತೊಡಗಿತ್ತು, ಇಡಲು ಸ್ಥಳವಿರಲಿಲ್ಲ. ನೆಲ ಉಬ್ಬಿದ್ದು ಅವನ ಪಾಲಿಗೆ ಹೊತ್ತಿಗೆ ಸರಿಯಾಗಿ ಒದಗಿದ ಸತ್ಯ.

ಮಧ್ಯಾಹ್ನ ಬಡಿಗೇರ ಕಳಕಪ್ಪನನ್ನು ಕರೆತಂದ. ಈ ನೆಲ ಹಾಕಿದವನೂ ಅವನೇ. ಕಳಕಪ್ಪ ಹಲಗೆಯ ಮೇಲೆ ಹಿಂದೆ ಮುಂದೆ ನಡೆದ, ಕೊಡತಿಯಿಂದ ಬಡಿದು ಕಿವಿಗೊಟ್ಟ, ಮಘಾ ಮುಗಿದು ಹುಬ್ಬಿ ಮಳೆ ಹಿಡಿಯುವುದರೊಳಗೆ ಎಲ್ಲ ಬಿಚ್ಚುವುದು ಒಳ್ಳೆಯದು ಅಂದ. ಬಿಚ್ಚದೆ ಉಳಿಸಲು ದಾರಿ ಇಲ್ಲವೇ ಎಂದು ಸುಮಿತ್ರವ್ವ ಕೇಳಿದಳು. ಉಬ್ಬಿದ ಕಡೆಯೆಲ್ಲ ರಂದಾ ಹೊಡೆದು ಸಪಾಟು ಮಾಡಬಹುದು ಅಂದ. ಆಕೆ ಒಂದು ಗಳಿಗೆ ಯೋಚಿಸಿದಳು. ಉಬ್ಬಿದ್ದನ್ನು ಈಗ ಕೆತ್ತಿ ತೆಗೆದರೆ ಬೇಸಿಗೆಯಲ್ಲಿ ಹಲಗೆ ಕೂತಾಗ ಅಲ್ಲಿ ತಗ್ಗು ಬೀಳುವುದಿಲ್ಲವೇ? ಕೇಳಿಯೇಬಿಟ್ಟಳು. ಕಳಕಪ್ಪ ಕೊಟ್ರಪ್ಪನ ಮುಖ ನೋಡಿದ. ಬೇಸಿಗೆಯ ಮಾತು ಬೇಸಿಗೆಯಲ್ಲಿ ನೋಡಿದರಾಯಿತು ಅಂದ.

ಅವರಿಬ್ಬರೂ ಇಳಿದುಹೋದ ಮೇಲೆ ಸುಮಿತ್ರವ್ವ ಖಾಲಿ ಅಟ್ಟದ ನಡುವೆ ಕೂತಳು. ಅಳು ಬರಲಿಲ್ಲ, ಸಿಟ್ಟು ಬಂತು. ಸಿಟ್ಟು ಬಂದಾಗ ಕೈ ಸುಮ್ಮನಿರುತ್ತಿರಲಿಲ್ಲ. ಎದ್ದು ಗೋಡೆಯ ಪಕ್ಕ ಪೇರಿಸಿಟ್ಟಿದ್ದ ಹೊಲಿದ ಕೌದಿಗಳನ್ನು ತೆಗೆದು ಇನ್ನೊಂದು ಮೂಲೆಗೆ ಹಾಕತೊಡಗಿದಳು. ಸೋಮವಾರ ಏನೇ ಆದರೂ ಜನರ ಕೌದಿಗಳು ಕೆಡಬಾರದು. ಕೊನೆಯ ಕೌದಿ ಎತ್ತಿದಾಗ ಕೆಳಗಿನ ನೆಲ ಕಂಡಿತು.

ಅಲ್ಲಿ ಹಲಗೆ ಚಪ್ಪಟೆಯಾಗಿತ್ತು. ಬಣ್ಣ ಒಣ ತಂಬಾಕಿನ ಹಾಗಿತ್ತು. ಅಂಗೈ ಇಟ್ಟು ನೋಡಿದಳು, ಒಣಗಿತ್ತು. ಒಂದು ಮೊಳ ಈಚೆಗೆ ಅದೇ ಹಲಗೆ ಕಪ್ಪಗಾಗಿ, ತಣ್ಣಗೆ, ಬೆನ್ನೆತ್ತಿ ನಿಂತಿತ್ತು.

ಅದೇ ಮರ, ಅದೇ ಮಳೆ. ಕೌದಿಯ ಭಾರ ಒಂದು ಕಾರಣವಿರಬಹುದು ಅಂದುಕೊಂಡಳು. ಆದರೆ ಹಗುರಾದ ಖಾಲಿ ಬುಟ್ಟಿ ಇಟ್ಟಿದ್ದ ಕಡೆಯೂ ಹಾಗೆಯೇ ಒಣಗಿತ್ತು. ಹಾಗಾದರೆ ವ್ಯತ್ಯಾಸ ಏನು? ಅಟ್ಟದ ಉದ್ದಕ್ಕೂ ಕಣ್ಣು ಹಾಯಿಸಿದಳು. ಎಲ್ಲಕ್ಕಿಂತ ಎತ್ತರದ ಉಬ್ಬು ದೇವರ ಜಗಲಿಯ ಮುಂದೆ, ಅದರ ನಂತರ ಕೋಣೆಯ ನಡುವೆ, ಆಮೇಲೆ ಬಾಗಿಲ ಹತ್ತಿರ. ಅವು ಆಕೆ ದಿನಾಲೂ ಸೆಗಣಿ ಹಾಕಿ ಸಾರಿಸುವ ಜಾಗಗಳು. ಕೌದಿ, ಬುಟ್ಟಿ, ಪೆಟ್ಟಿಗೆ ಇಟ್ಟ ಕಡೆ ಸಾರಿಸುವ ಬಟ್ಟೆ ಹೋಗುತ್ತಿರಲಿಲ್ಲ.

ಮಣ್ಣಿನ ನೆಲ ಸಾರಿಸಿ ಬೆಳೆದವಳು ಆಕೆ. ಅಟ್ಟಕ್ಕೆ ಬಂದ ಮೇಲೂ ನೆಲ ಅಂದರೆ ನೆಲವೇ; ಹಲಗೆಯದು ಎಂಬ ಯೋಚನೆ ಹೊಳೆದಿರಲಿಲ್ಲ. ಓಣಿಯಲ್ಲಿ ಹಲಗೆ ನೆಲವಿದ್ದ ಇನ್ನೂ ಎರಡು ಮನೆಯವರೂ ಸಾರಿಸುತ್ತಿದ್ದರು. ಬೇರೆ ವರ್ಷಗಳಲ್ಲಿ ಸೋಮವಾರ, ಅಮಾವಾಸ್ಯೆ, ಹುಣ್ಣಿಮೆಗೆ ಮಾತ್ರ ಸಾರಿಸಿದರೆ ಮಧ್ಯಾಹ್ನದೊಳಗೆ ಗಾಳಿಗೆ ಆರಿಬಿಡುತ್ತಿತ್ತು. ಈ ಸಲ ಆಷಾಢದಲ್ಲೇ ಹಲಗೆಯ ಮೇಲೆ ಬಿಳಿ ಬೂಷ್ಟು ಕಾಣಿಸಿಕೊಂಡಿತ್ತು. ಬೂಷ್ಟು ಹೋಗಲೆಂದು ದಿನಾಲೂ ಸಾರಿಸಿದಳು. ಸಾರಿಸಿದಷ್ಟೂ ಬೂಷ್ಟು ಬಂತು. ಬೂಷ್ಟು ಬಂದಷ್ಟೂ ಸಾರಿಸಿದಳು.

ಇದರ ಜೊತೆಗೆ ಇನ್ನೊಂದಿತ್ತು. ಜೂನ್‌ನಲ್ಲಿ ಕೊಟ್ರಪ್ಪ ಮಳೆಯ ಇರಚಲು ಬಡಿಯುತ್ತದೆಂದು ಪಡಸಾಲೆಯ ಎರಡು ಕಿಟಕಿಗಳಿಗೆ ಹಸಿ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿಸಿದ್ದ. ಹಲಗೆಯ ಅಡಿಯಿಂದ ಹಾಯುತ್ತಿದ್ದ ಗಾಳಿ ನಿಂತಿತು. ಅಲ್ಲಿ ನಿಟ್ಟು ಹಾಕಿದ್ದ ಹೊಸ ಕಾಳಿನ ಹಸಿ ಬಿಸಿ ಮೇಲಕ್ಕೆ ಏರುತ್ತಿತ್ತು. ರಾತ್ರಿ ಮಲಗಿದರೆ ಬೆನ್ನಿಗೆ ಬೆಚ್ಚಗೆನಿಸುತ್ತಿದ್ದದ್ದು ಆಕೆಗೆ ಈಗ ನೆನಪಾಯಿತು. ಚಳಿಗೆ ಒಳ್ಳೆಯದಾಯಿತು ಅಂದುಕೊಂಡು ಸುಮ್ಮನಿದ್ದಳು.

ಮೇಲಿನಿಂದ ತಾನು, ಕೆಳಗಿನಿಂದ ಮೈದುನ. ಇಬ್ಬರ ನಡುವೆ ಹಲಗೆ.

ಬುಧವಾರ ಬೆಳಿಗ್ಗೆ ಸುಮಿತ್ರವ್ವ ಸಾರಿಸಲಿಲ್ಲ. ಕಸ ಗುಡಿಸಿದಳು, ಒಣ ಬಟ್ಟೆಯಿಂದ ಬೂಷ್ಟು ಒರೆಸಿದಳು, ಮಳೆ ನಿಂತ ಹೊತ್ತಿಗೆ ಕಿಟಕಿ ತೆರೆದಳು, ಹನಿ ಬಿದ್ದ ಕೂಡಲೇ ಮುಚ್ಚಿದಳು. ಸೆಗಣಿ ಕೊಡಲು ಕೊಟ್ಟಿಗೆಯಿಂದ ಬಂದ ಕಸ್ತೂರೆವ್ವನನ್ನು ಮೆಟ್ಟಿಲ ಮೇಲೆಯೇ ತಡೆದು ಬೇಡವೆಂದಳು. ಕಸ್ತೂರೆವ್ವ ಕೊಟ್ರಪ್ಪನ ಹೆಂಡತಿ. ಕೆಟ್ಟವಳಲ್ಲ, ಆದರೆ ಆಕೆಗೆ ಗೊತ್ತಾದದ್ದು ಬಾವಿಕಟ್ಟೆಗೆ ಗೊತ್ತಾಗಲು ಹೆಚ್ಚು ಹೊತ್ತು ಬೇಕಿರಲಿಲ್ಲ.

"ಯಕ್ಕಾ, ಶ್ರಾವಣ ಐತಿ. ಸಾರಿಸದ ನೆಲದಾಗ ಪೂಜಿ ಹೆಂಗ ಮಾಡ್ತಿ?"

"ಕುಂತು ಮಾಡ್ತೀನಿ. ಎಂದಿನಂಗ."

"ಮಂದಿ ಏನಂದಾರು?"

"ಅನ್ನಾವರಿಗೆ ಮ್ಯಾಲ ಬಂದು ಅನ್ರಿ ಅಂತ ಹೇಳು. ಬಾಗಲಾ ಈಗ ಸ್ವಲ್ಪ ತೆರೀತೈತಿ."

ಮಂದಿ ಅಂದರು. ಗಂಡ ಹೋದ ಮೇಲೆ ದೇವರೂ ಬೇಡವಾದನೇ ಎಂದು ಒಬ್ಬಾಕೆ. ಮೈದುನನ ಮೇಲಿನ ಸಿಟ್ಟನ್ನು ಜಗಲಿಯ ಮೇಲೆ ತೀರಿಸಿಕೊಳ್ಳುತ್ತಾಳೆ ಎಂದು ಇನ್ನೊಬ್ಬಾಕೆ. ಕೌದಿಗೆ ಬರುವವರಲ್ಲಿ ಇಬ್ಬರು ಗುರುವಾರ ಬರಲಿಲ್ಲ. ಸುಮಿತ್ರವ್ವ ಕರೆಯಲು ಹೋಗಲಿಲ್ಲ. ಪಕ್ಕದ ಮನೆಯ ದಾವಲಬಿ ಮಾತ್ರ ಎಂದಿನಂತೆ ಸೂಜಿಡಬ್ಬಿ ಹಿಡಿದು ಬಂದಳು. ಊರಿನಲ್ಲಿ ಅವಳಷ್ಟು ನೇರ ಹೊಲಿಗೆ ಹಾಕುವವರಿರಲಿಲ್ಲ, ಅವಳಷ್ಟು ನೇರ ಮಾತಾಡುವವರೂ ಇರಲಿಲ್ಲ. ಉಬ್ಬಿನ ಮೇಲೆ ಹಾಸಿದ ಕೌದಿ ಗುಡ್ಡಕ್ಕೆ ಹೊದಿಸಿದ ಹಾಗೆ ಕಾಣುತ್ತಿದೆ, ಇದರಲ್ಲಿ ಹೊಲಿದರೆ ಹೊದ್ದವರಿಗೆ ಗೂನು ಬರುತ್ತದೆ ಅಂದಳು. ಇಬ್ಬರೂ ನಕ್ಕರು. ಆಮೇಲೆ ಸುಮಿತ್ರವ್ವ ತಾನು ಯೋಚಿಸಿದ್ದನ್ನು ಹೇಳಿದಳು: ಹಲಗೆಗಳು ಅಗಲವಾಗಿವೆ, ಒಂದಕ್ಕೊಂದು ಹೆಗಲು ಕೊಟ್ಟು ಎದ್ದಿವೆ. ಗೋಡೆಯ ಬುಡದ ಕೊನೆಯ ಹಲಗೆಯನ್ನು ಕಿತ್ತರೆ ಉಳಿದವಕ್ಕೆ ಸರಿಯಲು ಜಾಗವಾದೀತು.

ಕಳಕಪ್ಪನಿಗೆ ಹೇಳಿಕಳಿಸಿದಳು. ಅವನು ಬಂದ, ಅಂಗಳದಲ್ಲೇ ನಿಂತ. ಸೋಮವಾರದ ತನಕ ಒಂದು ಮೊಳೆಯನ್ನೂ ಮುಟ್ಟಕೂಡದೆಂದು ಕೊಟ್ರಪ್ಪ ಹೇಳಿದ್ದಾನೆ ಅಂದ. ಚೈತ್ರದ ಬಿರುಬಿಸಿಲಲ್ಲಿ ಒಂದೆಳೆ ಸಂದಿಯಿಲ್ಲದಂತೆ ಬಿಗಿದು ಕೂರಿಸಿದ್ದ ನೆಲ ಅದು. ಹಾಗೆ ಬಿಗಿಯಲು ಹೇಳಿದವನು ದ್ಯಾಮಪ್ಪನೇ, ಕೆಳಗಿನ ಧೂಳು ಮೇಲೆ ಬರಬಾರದೆಂದು. ಅದನ್ನು ಈಗ ತಾನೇ ಕಿತ್ತು ಹಿರಿಯರ ಮುಂದೆ ಮಾತು ಕೇಳುವುದು ಕಳಕಪ್ಪನಿಗೆ ಬೇಕಿರಲಿಲ್ಲ.

"ಆತು. ಹಾರಿ ಐತೇನು ನಿನ್ನ ಹತ್ರ?" ಅಂದಳು.

"ಹಾರಿ ಯಾಕ್ರಿ ಅಕ್ಕಾರ?"

"ಕೊಡಾಕ ಆಗತೈತೋ ಇಲ್ಲೋ, ಅಷ್ಟ ಹೇಳು."

ಅವನು ಕೊಡಲಿಲ್ಲ. ದಾವಲಬಿಯ ಗಂಡ ಲಾಡಸಾಬ ಬಾವಿ ತೋಡುವ ಕೆಲಸದವನು. ಅವನ ಮನೆಯಲ್ಲಿ ಹಾರೆಗಳಿಗೆ ಕೊರತೆಯಿರಲಿಲ್ಲ. ಶುಕ್ರವಾರ ಮಧ್ಯಾಹ್ನ, ಓಣಿಯವರೆಲ್ಲ ಉಂಡು ಕಟ್ಟೆಗೆ ಬಂದು ಕೂತ ಹೊತ್ತಿಗೆ, ಸುಮಿತ್ರವ್ವ ಬಾಗಿಲು ಕಿಟಕಿ ತೆರೆದಿಟ್ಟು ಗೋಡೆಯ ಬುಡಕ್ಕೆ ಹಾರೆ ಹಾಕಿದಳು. ಕದ್ದು ಮಾಡುವ ಕೆಲಸ ಎಂದು ಯಾರೂ ಅನ್ನಬಾರದಿತ್ತು. ಮೊದಲ ಸಲ ಹಾರೆ ಜಾರಿ ಗೋಡೆಯ ಗಾರೆ ಉದುರಿತು. ಎರಡನೆಯ ಸಲ ಹಲಗೆಯ ಅಂಚು ಮುರಿಯಿತು. ಮೂರನೆಯ ಸಲ ದಾವಲಬಿಯೂ ಜೊತೆಗೆ ಹಾರೆಗೆ ಭಾರ ಬಿಟ್ಟಳು. ಮೊಳೆ ಕಿರುಚುತ್ತ ಮೇಲೆ ಬಂತು. ಕೆಳಗಿನಿಂದ ಕೊಟ್ರಪ್ಪ ಓಡಿಬಂದು ಬಾಗಿಲಲ್ಲಿ ನಿಂತು ಹಿರಿಯರಿಗೆ ಏನು ಹೇಳುತ್ತೀರಿ ಎಂದು ಕೇಳಿದ. ಆಕೆ ತಿರುಗಿ ನೋಡದೆ, ಕಿತ್ತೆ ಎಂದು ಹೇಳುತ್ತೇನೆ ಅಂದಳು.

ಕೊನೆಯ ಹಲಗೆ ಬಂದಾಗ ಗೋಡೆಯ ಬುಡದಲ್ಲಿ ಗೇಣಗಲದ ಸಂದಿ ಬಿತ್ತು. ಅದರಲ್ಲಿ ಕೆಳಗಿನ ಚೀಲಗಳು ಕಂಡವು, ಬಿಸಿ ಹಸಿ ವಾಸನೆಯೊಂದು ಮುಖಕ್ಕೆ ಹೊಡೆಯಿತು. ಉಬ್ಬು ಮಾತ್ರ ಹಾಗೇ ಇತ್ತು. ಸುಮಿತ್ರವ್ವ ಹಾರೆ ಕೆಳಗಿಟ್ಟಳು. ತನ್ನ ಲೆಕ್ಕ ತಪ್ಪಿದ್ದರೆ, ತನ್ನ ಕೈಯಾರೆ ಅಟ್ಟ ಬಿಚ್ಚಲು ಆರಂಭಿಸಿದ ಹಾಗಾಯಿತು. ಕೊಟ್ರಪ್ಪನಿಗೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ಆದರೂ ಅಳುಕನ್ನು ಮುಖದಲ್ಲಿ ತೋರಗೊಡಲಿಲ್ಲ. ಬೀಸುಕಲ್ಲುಗಳನ್ನು ಉಬ್ಬಿನ ನೆತ್ತಿಗೆ ಹೊರಳಿಸಿದಳು, ಅದರ ಸುತ್ತ ಕೌದಿಗಳ ಗಂಟು ಹೇರಿದಳು. ಇಳಿಹೊತ್ತಿಗೆ ದೀಪ ಹಚ್ಚುವಾಗ ಬಂದೂಕು ಹಾರಿದ ಹಾಗೆ ಒಂದು ಸದ್ದಾಯಿತು. ಕೆಳಗೆ ಕಸ್ತೂರೆವ್ವ ಕೂಗಿಕೊಂಡಳು. ಸುಮಿತ್ರವ್ವ ಸಂದಿಯನ್ನು ಅಳೆದು ನೋಡಿದಳು. ಗೇಣಿದ್ದದ್ದು ನಾಲ್ಕು ಬೆರಳು ಕಿರಿದಾಗಿತ್ತು. ಹಲಗೆಗಳು ಗೋಡೆಯ ಕಡೆಗೆ ಸರಿದಿದ್ದವು.

ಶನಿವಾರ ಬಾಗಿಲು ಅರ್ಧ ತೆರೆಯಿತು. ಭಾನುವಾರ ಪೂರ್ತಿ ತೆರೆಯಿತು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹಿರಿಯರು ಬಂದರು. ಮೂವರಲ್ಲಿ ಮಾತು ನಡೆಯುವುದು ಅರಳೆ ದಲಾಲಿ ಸಕ್ರಪ್ಪನದು. ಎಪ್ಪತ್ತರ ಆಸುಪಾಸಿನ ಮನುಷ್ಯ, ಗದಗಿನ ಪೇಟೆಯಲ್ಲೂ ಅವನ ಮಾತಿಗೆ ಬೆಲೆಯಿತ್ತು. ಸಂಸ್ಥಾನದ ಕಾಲದಿಂದ ಹಾಕುತ್ತಿದ್ದ ಬಿಳಿ ರುಮಾಲು ಇನ್ನೂ ಬಿಟ್ಟಿರಲಿಲ್ಲ. ಕೊಟ್ರಪ್ಪ ಅವರನ್ನು ಪಡಸಾಲೆಯಲ್ಲಿ ಚೀಲಗಳ ನಡುವಿನ ಜಾಗದಲ್ಲಿ ಜಮಖಾನ ಹಾಸಿ ಕೂರಿಸಿದ; ಅಟ್ಟದ ನೆಲದ ಅಡಿ ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಕಪ್ಪಗಾದ ಕಲೆ, ಕಿತ್ತುಬಂದ ಮೊಳೆಗಳ ತೂತು, ಗೋಡೆಯ ಬುಡದ ಸಂದಿ, ಒಂದೊಂದನ್ನೂ ಬೆರಳು ಮಾಡಿ ತೋರಿಸಿದ. ಚಹಾ ಬಂತು. ಹೊಸ ರಾಜ್ಯದ ಮಾತು ಬಂತು. ದಿಲ್ಲಿಯಲ್ಲಿ ಮಸೂದೆ ಪಾಸಾಗಿದೆ, ದೀಪಾವಳಿ ಹೊತ್ತಿಗೆ ನಾವೆಲ್ಲ ಮೈಸೂರು ರಾಜ್ಯದವರು ಎಂದು ಒಬ್ಬರು ಹೇಳುತ್ತಿದ್ದಾಗ ತೊಲೆಯ ಸಂದಿನಿಂದ ಧೂಳು ಉದುರಿ ಸಕ್ರಪ್ಪನ ರುಮಾಲಿನ ಮೇಲೆ ಬಿತ್ತು.

ಎಲ್ಲರೂ ತಲೆಯೆತ್ತಿದರು. ಮೇಲೆ ಹೆಜ್ಜೆಗಳ ಸದ್ದು. ಒಬ್ಬರದಲ್ಲ.

ಸುಮಿತ್ರವ್ವ ಮೆಟ್ಟಿಲಿಳಿದು ಬೀದಿಬಾಗಿಲಿನಿಂದ ಪಡಸಾಲೆಗೆ ಬಂದಳು. ತಲೆಯ ಮೇಲೆ ಸೆರಗಿತ್ತು, ದನಿ ಮಾತ್ರ ಎಲ್ಲರಿಗೂ ಕೇಳುವಷ್ಟಿತ್ತು.

"ಯಜಮಾನ್ರ, ಕೆಳಗ ಕುಂತು ಮ್ಯಾಲಿನ ನೆಲ ನೋಡಿದ್ರಿ. ಇನ್ನ ಮ್ಯಾಲ ಬಂದು ಕುಂಡ್ರಿ. ಓಣಿ ಹೆಣ್ಮಕ್ಕಳು ಮುಂಜಾನಿಂದ ಅಲ್ಲೇ ಕುಂತು ಕೌದಿ ಹೊಲ್ಯಾಕ ಹತ್ಯಾರ."

"ಬಿದ್ದರ ಯಾರು ಹೊಣಿ?" ಅಂದ ಕೊಟ್ರಪ್ಪ.

"ಬಿದ್ದರ ನಿನ್ನ ಚೀಲದ ಮ್ಯಾಲ ಬೀಳತೀವಿ. ಕಾಳು ಹಸೀ ಅದಾವ, ಮೆತ್ತಗ ಆಗತೈತಿ."

ಮೇಲಿನ ಸಂದಿಯಿಂದ ದಾವಲಬಿಯ ನಗು ಕೇಳಿಸಿತು. ಹಿರಿಯರಲ್ಲೊಬ್ಬರು ಕೆಮ್ಮಿದ ಹಾಗೆ ಮಾಡಿ ಮುಖ ತಿರುಗಿಸಿದರು. ಸಕ್ರಪ್ಪ ಎದ್ದ. ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ. ಹೆಂಗಸರು ಸರಿದು ಜಾಗ ಬಿಟ್ಟರೇ ಹೊರತು ಯಾರೂ ಏಳಲಿಲ್ಲ. ಗುರುವಾರ ಬಾರದ ಇಬ್ಬರೂ ಅಲ್ಲಿದ್ದರು. ಏನಾಗುತ್ತದೆಂದು ನೋಡುವ ಆಸೆ ಅವರನ್ನು ಎಳೆತಂದಿತ್ತು. ಸಕ್ರಪ್ಪ ಒಂದು ಸುತ್ತು ನಡೆದ. ನೆಲ ಕಿರುಗುಟ್ಟಿತು. ಜಗಲಿಯ ಮುಂದೆ ಇನ್ನೂ ಉಬ್ಬಿತ್ತು. ಅಲ್ಲಿ ಹೆಬ್ಬೆರಳಿಂದ ಒತ್ತಿದ, ಹಲಗೆ ಮೆತ್ತಗೆ ತಗ್ಗಿತು.

ಇದು ಕೆಟ್ಟಿದೆಯಲ್ಲ ಅಂದ. ಹೌದು ಅಂದಳು ಸುಮಿತ್ರವ್ವ. ಜಗಲಿಯ ಮುಂದಿನ ಎರಡು ಹಲಗೆ ನಿಜಕ್ಕೂ ಕೊಳೆತಿವೆ, ಅವನ್ನು ಬದಲಿಸಲೇಬೇಕು, ಕೊಳೆಯಿಸಿದವಳು ನಾನೇ. ದಿನಾಲೂ ನೀರು ಕುಡಿಸಿದೆ. ಉಳಿದವು ಕೊಳೆತಿಲ್ಲ, ಉಬ್ಬಿವೆ. ಒಣಗಿದರೆ ಕೂರುತ್ತವೆ. ಇದನ್ನೆಲ್ಲ ಹೇಳಿ ಅವನ ಕೈ ಒಣಗಿದ ಹಲಗೆಯ ಮೇಲೂ ಇಡಿಸಿದಳು.

ಸುಮಿತ್ರವ್ವನ ಜೊತೆ ಸಕ್ರಪ್ಪ ಪಡಸಾಲೆಗೆ ಇಳಿದು ಬಂದ. ಆಮೇಲೆ ಏನೋ ಹೊಳೆದವನಂತೆ ಹತ್ತಿರದ ಚೀಲದ ಬಾಯಿ ಸಡಿಲಿಸಿ ಕೈಯನ್ನು ಮೊಳಕೈ ತನಕ ಒಳಗೆ ಹಾಕಿದ. ಒತ್ತಿ ಕಟ್ಟಿದ ಅರಳೆಯ ಅಂಡಿಗೆಗಳು ಒಳಗೊಳಗೇ ಕಾಯ್ದು ಸುಟ್ಟುಹೋದದ್ದನ್ನು ಕಂಡ ವ್ಯಾಪಾರಿ ಅವನು. ಹೊರತೆಗೆದ ಕೈ ಬೆವೆತಿತ್ತು. ಬೆರಳಿಗೆ ಅಂಟಿದ ಕಾಳುಗಳಲ್ಲಿ ಕೆಲವು ಬಾಯಿಬಿಟ್ಟು ಮೊಳಕೆಯೊಡೆದಿದ್ದವು. ಕೈಯನ್ನು ಕೊಟ್ರಪ್ಪನ ಮುಖದ ಮುಂದೆ ಹಿಡಿದ.

"ಅಟ್ಟದ ಮಾತು ಬಿಡು. ನಿನ್ನ ಮಾಲ ಮೊದಲ ನೋಡ್ಕೋ. ಕಿಟಕಿ ಯಾಕ ಕಟ್ಟಿಸಿದಿ?"

ಕೊಟ್ರಪ್ಪ ಇರಚಲಿನ ಮಾತು ಹೇಳಿದ. ಅವನ ದನಿ ಇಳಿದಿತ್ತು. ಉಳಿದ ಇಬ್ಬರು ಹಿರಿಯರು, ಶ್ರಾವಣದಲ್ಲಿ ಮನೆಯವರ ಮನಸ್ಸು ಕೆಡುವುದು ಬೇಡ, ಯುಗಾದಿಯ ತನಕ ಮಾತನ್ನು ಮುಂದೆ ಹಾಕೋಣ ಅಂದರು. ಆಗಲೆಂದು ತಲೆಯಾಡಿಸಿದರೆ ಸುಮಿತ್ರವ್ವನಿಗೆ ಏಳು ತಿಂಗಳು ಸಿಗುತ್ತಿತ್ತು. ಆಕೆ ತಲೆಯಾಡಿಸಲಿಲ್ಲ.

"ಮುಂದ ಹಾಕಬ್ಯಾಡ್ರಿ. ಏಳು ತಿಂಗಳ ದಿನಾ ಒಬ್ಬರು ಬಂದು ನನ್ನ ನೆಲಾ ಬಡದು ನೋಡೋದು ನನಗ ಬ್ಯಾಡ. ಅಟ್ಟ ನಿಂತೈತೋ ಬಿದ್ದೈತೋ? ಇವತ್ತ ಹೇಳ್ರಿ."

ಹೀಗೆ ಹಿರಿಯರನ್ನು ನಿಲ್ಲಿಸಿ ಕೇಳಿದ ಹೆಂಗಸನ್ನು ಆ ಓಣಿ ನೋಡಿರಲಿಲ್ಲ. ಸಕ್ರಪ್ಪ ರುಮಾಲು ತೆಗೆದು ಧೂಳು ಕೊಡವಿದ, ಮತ್ತೆ ಇಟ್ಟುಕೊಂಡ.

"ನಿಂತೈತಿ," ಅಂದ. "ಎರಡು ಹಲಗಿ ಬದಲು ಮಾಡಿದರ ಅಟ್ಟ ಬಿಚ್ಚಿದಂಗ ಅಲ್ಲ. ಕೊಟ್ರಪ್ಪ, ಕಿಟಕಿ ತೆಗಸು."

ಹೊರಡುವಾಗ ಹೊಸ್ತಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದ. ಅದನ್ನು ಅವನು ಮೆಲ್ಲಗೆ, ಮಗಳಿಗೆ ಹೇಳುವ ಹಾಗೆ ಹೇಳಿದ. "ತಂಗೀ, ಶ್ರಾವಣ ಸೋಮಾರ ಐತಿ ಇವತ್ತ. ಜಗಲಿ ಮುಂದರೆ ಒಂದೀಟು ಸಾರಸು. ಮಂದಿ ಬಾಯಿ ಮುಚ್ಚತೈತಿ."

"ಮಂದಿ ಬಾಯಿ ಮುಚ್ಚಾಕ ನನ್ನ ಹಲಗಿ ಕೊಳಸಾಕ ಆಗೂದಿಲ್ರಿ," ಅಂದಳು. "ಸಾರಿಸೂದಿಲ್ಲ."

ಸಕ್ರಪ್ಪ ಆಕೆಯನ್ನು ಒಂದು ಸಲ ನೋಡಿ, ಚಪ್ಪಲಿ ಮೆಟ್ಟಿ ನಡೆದ. ಒಪ್ಪಿದ ಎಂದು ಯಾರೂ ಹೇಳುವಂತಿರಲಿಲ್ಲ. ಬೈದ ಎಂದೂ ಹೇಳುವಂತಿರಲಿಲ್ಲ.

ಮರುದಿನ ಆಳುಗಳು ಕಿಟಕಿಯ ಇಟ್ಟಿಗೆ ಕಿತ್ತರು. ಹುಬ್ಬಿ ಮಳೆ ಜೋರಾಗಿಯೇ ಬಂತು. ಇರಚಲು ಪಡಸಾಲೆಯ ನಡುವಿನ ತನಕ ಹೊಡೆಯಿತು. ಕೊಟ್ರಪ್ಪ ಚೀಲಗಳನ್ನು ಗೋಡೆಯಿಂದ ಒಳಕ್ಕೆ, ಒಳಗಿನಿಂದ ಅಡುಗೆಮನೆಗೆ ಸರಿಸಿದ. ಕಸ್ತೂರೆವ್ವನಿಗೆ ಒಲೆಯ ಮುಂದೆ ಕೂರಲು ಜಾಗವಿಲ್ಲದಂತಾಯಿತು. ಅವಳು ಗಂಡನ ಜೊತೆ ಜಗಳಕ್ಕೆ ನಿಂತಳು, ಮೊದಲ ಸಲ ಓಣಿಗೆ ಕೇಳುವ ಹಾಗೆ. ಅಕ್ಟೋಬರಿನ ಚಿತ್ತಿ ಮಳೆಯ ಹೊತ್ತಿಗೆ ಕೊಟ್ರಪ್ಪ ಶಿಗ್ಲಿ ರಸ್ತೆಯಲ್ಲಿ ತಗಡಿನ ಗೋದಾಮೊಂದನ್ನು ಬಾಡಿಗೆಗೆ ಹಿಡಿದ.

ನವೆಂಬರ್ ಒಂದು, ಗುರುವಾರ, ಪೇಟೆಯಲ್ಲಿ ಹೊಸ ರಾಜ್ಯದ ಮೆರವಣಿಗೆ ಹೊರಟಿತ್ತು. ಕೊಟ್ರಪ್ಪನ ಬಂಡಿಗಳು ಅದು ದಾಟುವ ತನಕ ಓಣಿಯ ಬಾಯಲ್ಲಿ ಕಾದು ನಿಂತವು. ಮಧ್ಯಾಹ್ನ ಚೀಲಗಳನ್ನು ಹೇರಿದರು. ಸಂಜೆಯೊಳಗೆ ಪಡಸಾಲೆ ಖಾಲಿಯಾಯಿತು. ಆ ರಾತ್ರಿ ಅಟ್ಟದಲ್ಲಿ ಮಲಗಿದ ಸುಮಿತ್ರವ್ವನ ಬೆನ್ನಿಗೆ ಕೆಳಗಿನ ಬಿಸಿ ತಟ್ಟಲಿಲ್ಲ, ಹಲಗೆ ಒಣಗಿ ಸಪಾಟಾಗಿತ್ತು.